ನೆಲ ಡೊಂಕು ಎಂದವಳು

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಕಮತಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಅದು ಒಮ್ಮೆ ಒಬ್ಬ ಹುಡುಗಿಯನ್ನು ಬಹಳ ನೋಯಿಸಿತು.

ಆ ದಿನ ಒಂಬತ್ತನೇ ತರಗತಿಗೆ ಸ್ಥಿರ ವೇಗ ತೋರಿಸಬೇಕಿತ್ತು. ಗ್ಯಾರೇಜಿನಿಂದ ಬೇರಿಂಗಿನ ಉಕ್ಕಿನ ಗುಂಡೊಂದನ್ನು ತಂದಿದ್ದೆ. ಗುಂಡು ಉರುಳುವಾಗ ನಾನು ಸೆಕೆಂಡಿಗೊಮ್ಮೆ ಚಪ್ಪಾಳೆ ತಟ್ಟಬೇಕು, ಆಗ ಅದು ಇದ್ದ ಜಾಗಕ್ಕೆ ಮಕ್ಕಳು ಸೀಮೆಸುಣ್ಣದ ಗೆರೆ ಹಾಕಬೇಕು. ಗೆರೆಗಳ ಅಂತರ ಸಮ ಬಂದರೆ ವೇಗ ಸ್ಥಿರ. ಆದರೆ ನಮ್ಮ ಹೊಸ ಕೋಣೆಯ ಪರಸಿ ಕಲ್ಲಿನ ನೆಲದ ಮೇಲೆ ಗುಂಡು ಹೋದಂತೆಲ್ಲ ಜೋರಾಗಿ, ಬಾಗಿಲು ದಾಟಿ ಅಂಗಳಕ್ಕೆ ಬಿತ್ತು. ಮೂರು ಸಲವೂ ಅದೇ ಕಥೆ. ಮಕ್ಕಳು ಬಿದ್ದು ಬಿದ್ದು ನಕ್ಕರು.

“ಈ ನೆಲಾ ಹಾಕಿದ ಗೌಂಡಿ ಯಾವನೋ? ಕಣ್ಣ ಮುಚ್ಚಿ ಹಾಕ್ಯಾನೇನು?” ಎಂದುಬಿಟ್ಟೆ.

ನಗು ನಿಂತಿತು. ಎಲ್ಲರ ಕಣ್ಣೂ ಎರಡನೇ ಸಾಲಿನ ಹುಡುಗಿಯ ಮೇಲೆ. ನೆಲ ಹಾಕಿದ್ದು ಅವಳ ಅಪ್ಪ. ತಲೆ ತಗ್ಗಿಸಿದವಳು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆ ಈಗ ನನಗೇ ಹೊಂದುತ್ತಿತ್ತು.

ಎರಡನೇ ದಿನ ಸಂಜೆ ಅವರ ಮನೆಗೆ ಹೋದೆ. ಅವಳಪ್ಪ ಕೈಕಾಲಿನ ಸಿಮೆಂಟು ತೊಳೆಯುತ್ತಿದ್ದರು. “ತಪ್ಪಾತ್ರಿ ಅಣ್ಣಾರ” ಎಂದೆ. ಹುಡುಗಿ ಬಾಗಿಲ ಮರೆಯಲ್ಲಿದ್ದಳು, ಹೊರಗೆ ಬರಲಿಲ್ಲ.

“ಕೋಣಿ ತೊಳದ್ರ ನೀರು ತಾನ ಹೊರಗ ಹೋಗ್ಬೇಕಲ್ರಿ ಅಕ್ಕೋರ, ಅದಕ್ಕ ಬೇಕಂತ್ಲೇ ಬಾಗಲಾ ಕಡೆ ಇಳಿಯುವಂಗ ಢಾಳ ಕೊಟ್ಟೇನಿ” ಎಂದರು ಅವರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿತು. “ನಿಮ್ಮ ಗುಂಡಿಗೆ ಮಟ್ಟ ಬೇಕಂದ್ರ ನಾಳೆ ಬಂದು ಮಾಡಿ ಕೊಡ್ತೇನಿ.”

ಮರುದಿನ ಮಗಳನ್ನು ಕರೆದುಕೊಂಡೇ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಗಿಲಾಯಿ ಸಮ ಮಾಡುವ ಎರಡು ಉದ್ದನೆಯ ಪಟ್ಟಿಗಳನ್ನು ಗುಂಡು ಕೂರುವಷ್ಟು ಸಂದು ಬಿಟ್ಟು ನೆಲದ ಮೇಲೆ ಜೋಡಿಸಿದರು. ತಗ್ಗಿನ ಕಡೆಗೆ ಪಟ್ಟಿಗಳ ಕೆಳಗೆ ಕಲ್ಲಿನ ಚೂರು ಕೊಟ್ಟು, ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದರು. ಗುಂಡು ಬಿಟ್ಟೆ. ಈಗ ಕೊನೆಕೊನೆಗೆ ತುಸು ನಿಧಾನವಾಯಿತು. ತಿಕ್ಕಾಟದ ಪಾಠ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗುಂಡು ಬಿಡುವ ತುದಿಯಲ್ಲಿ ಪಟ್ಟಿಗಳ ಕೆಳಗೆ ಕಾಗದ ಮಡಿಚಿ ಇಟ್ಟರು. “ಒಂದ್ ಎಳಿಯಷ್ಟು ಢಾಳ ಇದಕ್ಕೂ ಬೇಕ್ರಿ.”

ಚಪ್ಪಾಳೆ, ಗೆರೆ, ಚಪ್ಪಾಳೆ, ಗೆರೆ. ಅಪ್ಪನ ಟೇಪು ಹಿಡಿದು ಮಗಳೇ ಅಳೆದಳು. ಎಲ್ಲವೂ ಸಮ.

“ಈ ನೆಲ ಡೊಂಕಿಲ್ಲ. ತಿಳೀದ ಮಾತಾಡಿದಾಕಿ ನಾ” ಎಂದು ಇಡೀ ತರಗತಿಯ ಮುಂದೆ ಹೇಳಿದೆ. ಅವರು ನಾಚಿ, “ಇರ್ಲಿ ಬಿಡ್ರಿ” ಎನ್ನುತ್ತ ಪೈಪು ಸುತ್ತಿಕೊಂಡು ಹೊರಟರು.

ಹುಡುಗಿ ಮಾತ್ರ ಇನ್ನೂ ನನ್ನ ಮುಖ ನೋಡಿರಲಿಲ್ಲ. ಶಾಲೆ ಬಿಟ್ಟ ಮೇಲೆ ಗೆರೆ ಅಳಿಸಲೆಂದು ಬಕೆಟ್ ನೀರು ತಂದು ಗೋಡೆಯ ಬುಡಕ್ಕೆ ಸುರಿದಳು. ನೀರು ಎಲ್ಲೂ ನಿಲ್ಲದೆ ಸುಣ್ಣವನ್ನೆಲ್ಲ ಎಳೆದುಕೊಂಡು ಬಾಗಿಲು ದಾಟಿತು. ಆಗ ತಲೆ ಎತ್ತಿದಳು.

“ಢಾಳ ಬರೋಬ್ಬರಿ ಐತಿಲ್ರಿ, ಅಕ್ಕೋರ?”

“ಬರೋಬ್ಬರಿ ಐತವಾ” ಎಂದೆ.