ಪರದೆಯ ಮೂಲೆಯ ವಿಭೂತಿ

ರಾಮದುರ್ಗದ ತಹಶೀಲ್ದಾರ ಕಚೇರಿ ಎದುರಿನ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡಿಕೊಡುವುದು ನನ್ನ ಕೆಲಸ. ಆ ವರ್ಷ ದಸರೆಯ ಖಂಡೇಪೂಜೆ ಮುಗಿದ ಮೇಲೆ ಮಾಲೀಕರು ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದರು. ಕಣ್ಣು ಮುಚ್ಚಿ ಒತ್ತುತ್ತಿದ್ದ 'ಫೈಲ್' ಎಂಬುದೇ ಮಾಯ. ಅಲ್ಲೆಲ್ಲ ಬರೀ ಚಿತ್ರಗಳ ಸಂತೆ.

ಕಟಕೋಳದ ಅಜ್ಜಿಯೊಬ್ಬರ ಪಿಂಚಣಿ ಅರ್ಜಿ ಟೈಪಾಗಿತ್ತು. ಪ್ರಿಂಟ್ ಎಲ್ಲಿಂದ ಕೊಡಬೇಕೋ ತಿಳಿಯಲಿಲ್ಲ. ನನ್ನದೆಲ್ಲ ಮೌಸಿನ ವಿದ್ಯೆ, ಕೀಬೋರ್ಡಿನಿಂದಲೇ ಪ್ರಿಂಟ್ ಕೊಡುವುದು ಗೊತ್ತಿರಲಿಲ್ಲ. ಕಂಡ ಚಿತ್ರವನ್ನೆಲ್ಲ ಒತ್ತಿದೆ. ಅಕ್ಷರ ದಪ್ಪವಾಯಿತು, ಕೆಂಪಾಯಿತು, ಕಾಗದ ಮಾತ್ರ ಬರಲಿಲ್ಲ. ಸಿಟ್ಟಾಗುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಸಾಹೇಬ್ರು ಊಟಕ್ಕ ಎದ್ರಂದ್ರ ನಾ ಮತ್ತ ನಾಳಿ ಬರಬೇಕವಾ. ಲಗೂ ಮಾಡು."

"ಹುಡುಕಾಕ ಹತ್ತೇನ್ರಿ ಆಯಿ. ಎಲ್ಲಾದರ ಜಾಗಾ ಬದ್ಲಿ ಮಾಡ್ಯಾರ."

"ಆ ಮೂಲ್ಯಾಗ ಬೆಳ್ಳಗ ಏನೈತಿ?"

"ಪೂಜಿ ಈಬತ್ತಿರಿ. ಒರಸಬಾರದು, ತಾನ ಉದುರಬೇಕು."

ಪ್ರತಿವರ್ಷ ಮಾಲೀಕರು ಪರದೆಯ ಮೇಲಿನ ಎಡಮೂಲೆಯ ತುದಿಗೇ ವಿಭೂತಿ ಹಚ್ಚುತ್ತಿದ್ದರು. ಹಳೆಯ 'ಫೈಲ್' ಅದಕ್ಕಿಂತ ಕೆಳಗಿತ್ತು; ಆ ತುದಿಯಲ್ಲಿ ನಮಗೆ ಬೇಕಾದದ್ದೇನೂ ಇರುತ್ತಿರಲಿಲ್ಲ.

"ಒರಸೂದ್ಯಾಕ? ಹಚ್ಕೊಂಡ್ರಾತು."

ಅಜ್ಜಿ ಎದ್ದು ಬಂದು, ವಿಭೂತಿಯನ್ನು ಬೆರಳಿಂದ ಬಳಿದು ಮೊದಲು ತಮ್ಮ ಹಣೆಗೆ, ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದರು. ಪರದೆಯ ಮೂಲೆಯಲ್ಲಿ ದುಂಡನೆಯ ಗುಂಡಿಯೊಂದು ಮಿನುಗುತ್ತಿತ್ತು. ಒತ್ತಿದೆ. ಪ್ರಿಂಟ್ ಅದರೊಳಗೇ ಕೂತಿತ್ತು. ಬಿಸಿ ಕಾಗದ ಹಿಡಿದುಕೊಂಡು ಅಜ್ಜಿ ಕಚೇರಿಯತ್ತ ಓಡಿದರು.

ಮುಂದಿನ ಖಂಡೇಪೂಜೆಗೆ ಮಾಲೀಕರಿಗೆ ಪರದೆ ಮುಟ್ಟಗೊಡಲಿಲ್ಲ. ಕೆಳಗಿನ ಡಬ್ಬಿಗೆ, ಕಂಪ್ಯೂಟರ್ ಆನ್ ಮಾಡುವ ಗುಂಡಿಯ ಮೇಲೇ ವಿಭೂತಿ ಹಚ್ಚಿಸಿದೆ. ಇದ್ದ ಜಾಗದಲ್ಲೇ ಇನ್ನೂ ಇರುವುದು ಅದೊಂದೇ.