ಲೆಕ್ಕಕ್ಕೆ ಸಿಗದ ಐವತ್ಮೂರು ಚೆಂಡು

ಟಿ. ದಾಸರಹಳ್ಳಿಯ ಮೆಟ್ರೋ ನಿಲ್ದಾಣದ ಹಿಂದಿನ ಓಣಿಗಳಲ್ಲಿ ಈಶಪ್ಪನವರ ಮನೆ ಎಲ್ಲಿ ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ. ಗೇಜ್ ಈಶಪ್ಪ ಎಂದರೆ ಮಾತ್ರ ಮನೆಯವರೆಗೂ ಬಂದು ಬಿಟ್ಟುಹೋಗುತ್ತಾರೆ. ಅವರು ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತಾರು ವರ್ಷ ಇದ್ದು ನಿವೃತ್ತರಾದವರು. ಲೇತ್‌ನಿಂದ ಇಳಿದ ಶಾಫ್ಟ್‌ಗಳನ್ನು ಗೇಜ್ ಎಂಬ ಅಳತೆಯ ಸಾಧನಕ್ಕೆ ಹಾಕಿ ನೋಡುವುದು, ಸರಿಯಿದ್ದರೆ ಹಸಿರು ಬಣ್ಣ, ಇಲ್ಲದಿದ್ದರೆ ಕೆಂಪು ಹಚ್ಚುವುದು ಅವರ ಕೆಲಸವಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಿಡುತ್ತಿರಲಿಲ್ಲ.

"ನಿಮ್ಮಪ್ಪನ ಗಂಟೇನ್ರೀ ಹೋಗೋದು?" ಎಂದು ಕೆಲಸಗಾರರು ಬೈದರೆ, "ನಮ್ಮಪ್ಪನ ಗಂಟಾಗಿದ್ರೆ ಬಿಟ್ಬಿಡ್ತಿದ್ದೆ ಕಣಪ್ಪ, ಇದು ಊರೋರ ಗಂಟು" ಅನ್ನುತ್ತಿದ್ದರು.

ಆ ಕಾರ್ಖಾನೆಗೆ ಒಂದು ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಈಶಪ್ಪನವರು ಐದಡಿ ಮೂರಂಗುಲದ ಆಳು, ಆಡುವ ಮಾತೇ ಇರಲಿಲ್ಲ. ಆದರೆ ಅಂಕದ ಹಾಳೆ ಬರೆಯಲು ಅವರಂಥ ಕೈ ಇನ್ನೊಂದಿರಲಿಲ್ಲ. ಅದನ್ನು ಕಂಡಿದ್ದ ಸಂಗಮೇಶ್, ಈಶಪ್ಪನವರು ನಿವೃತ್ತರಾದ ಮೇಲೆ ಅವರನ್ನು ತಮ್ಮ ಕಾಲೇಜಿಗೆ ಕರೆದರು. ಸಂಗಮೇಶ್ ಪೀಣ್ಯದ ಹತ್ತಿರದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು. ಹುಡುಗಿಯರ ತಂಡಕ್ಕೆ ಕೋಚ್ ಕೂಡ ಅವರೇ.

ಹಾಗೆ ಅಂಗಳದ ಪಕ್ಕದಲ್ಲಿ ನಡುಗೆರೆಗೆ ಸರಿಯಾಗಿ ಹಾಕಿದ ಮೇಜು, ಒಂದು ಕಬ್ಬಿಣದ ಕುರ್ಚಿ, ಉದ್ದನೆಯ ಒಂದು ಪುಸ್ತಕ ಈಶಪ್ಪನವರ ಪಾಲಿಗೆ ಬಂದವು. ಅಂಕಗಳನ್ನು ಯಾರು ಬೇಕಾದರೂ ಬರೆಯಬಹುದು, ಗೋಡೆಯ ಮೇಲಿನ ಫಲಕದಲ್ಲೂ ಬರುತ್ತವೆ. ಈಶಪ್ಪನವರು ಅದರ ಜೊತೆಗೆ ಗುರಿ ತಪ್ಪಿದ ಎಸೆತಗಳನ್ನು ಬರೆದರು. ತಪ್ಪಿ ವಾಪಸ್ ಪುಟಿದ ಚೆಂಡನ್ನು ಯಾರು ಹಿಡಿದರು ಎಂಬುದನ್ನೂ ಬರೆದರು. ಆಟದವರು ಅದಕ್ಕೆ ರಿಬೌಂಡ್ ಅನ್ನುತ್ತಾರೆ. ಪುಸ್ತಕಕ್ಕೆ ಅವರದೊಂದೇ ನಿಯಮ: ಹಿಡಿದವಳ ಬೆನ್ನಿನ ನಂಬರನ್ನು ಕಣ್ಣಾರೆ ಕಂಡಿದ್ದರೆ ಬರೆಯಬೇಕು, ಇಲ್ಲವಾದರೆ ಬಿಡಬೇಕು. ಅಂದಾಜಿನ ಮೇಲೆ ಒಂದು ಗೀಟೂ ಎಳೆಯಬಾರದು.

ಆ ವರ್ಷ ಸ್ವಂತ ಅಂಗಳದಲ್ಲಿ ಏಳು ಪಂದ್ಯಗಳಾದವು. ಬಂದ ತಂಡಗಳೂ ಏಳು. ಪ್ರತಿ ಪಂದ್ಯ ಮುಗಿದ ಮೇಲೆ ಪುಟದ ಫೋಟೋ ತೆಗೆದು ಎದುರಾಳಿ ಕಾಲೇಜಿಗೂ ಕಳಿಸುವುದು ರೂಢಿ. ಲೀಗ್ ಮುಗಿದಾಗ ವಿಶ್ವವಿದ್ಯಾಲಯದ ತಂಡದ ಆಯ್ಕೆ ಬಂತು. ಪ್ರತಿ ಕಾಲೇಜೂ ಶನಿವಾರದೊಳಗೆ ಎರಡು ಹೆಸರು ಕಳಿಸಬೇಕಿತ್ತು.

ಮಂಗಳವಾರ ಸಂಗಮೇಶ್ ಪುಸ್ತಕ ಮುಂದಿಟ್ಟುಕೊಂಡು ಕೂತರು. ಮಾಕಳಿಯಿಂದ ಬರುವ ಮೇಘಾ ತಂಡದ ಎತ್ತರದ ಹುಡುಗಿ. ತಮ್ಮ ರಿಂಗಿನ ಕೆಳಗೆ ನಿಂತು ಚೆಂಡು ಹಿಡಿಯುವುದೇ ಅವಳ ಕೆಲಸ. ಏಳು ಪಂದ್ಯ ಸೇರಿಸಿ ಮೊದಲರ್ಧದಲ್ಲಿ ನಲವತ್ತೊಂದು ಹಿಡಿದಿದ್ದಳು. ಎರಡನೆಯ ಅರ್ಧದಲ್ಲಿ ಹದಿನೇಳು.

"ಈ ಹುಡುಗಿಗೆ ದಮ್ಮಿಲ್ಲ ಸಾರ್. ನಾಲ್ಕನೇ ಮ್ಯಾಚಾದ್ಮೇಲೆ ಹೇಳಿದ್ದೆ, ಸುಧಾರಿಸ್ಲಿಲ್ಲ" ಎಂದು ಸಂಗಮೇಶ್ ಅವಳ ಹೆಸರು ಹೊಡೆದುಹಾಕಿದರು.

ಅಭ್ಯಾಸ ಮುಗಿದ ಮೇಲೆ ಮೇಘಾ ಮೇಜಿನ ಹತ್ತಿರ ಬಂದಳು. ಕಾಲಿನ ಗಿಣ್ಣಿಗೆ ಬಟ್ಟೆ ಸುತ್ತಿದ್ದಳು.

"ಅಂಕಲ್, ನಂದೊಂದ್ಸಲ ನೋಡ್ಬೋದಾ?"

ಈಶಪ್ಪನವರು ಪುಟ ತಿರುಗಿಸಿ ತೋರಿಸಿದರು. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

"ಇಷ್ಟೇನಾ? ಸರ್ ಹೇಳಿದಾಗ್ಲಿಂದ ದಿನಾ ಬೆಳಿಗ್ಗೆ ಸರ್ವಿಸ್ ರೋಡಲ್ಲಿ ಓಡ್ತಾ ಇದೀನಿ ಅಂಕಲ್. ಗಿಣ್ಣು ಊದ್ಕೊಂಡ್ರೂ ಬಿಟ್ಟಿಲ್ಲ. ನಂಗೆ ಸುಸ್ತೇ ಆಗಲ್ಲ."

"ಸುಸ್ತು ನಮಗೆ ಗೊತ್ತಾಗಲ್ಲಮ್ಮ. ಅಂಕಿಗೆ ಗೊತ್ತಾಗುತ್ತೆ."

ಅವಳು ತಲೆಯಾಡಿಸಿ ಹೋದಳು. ಎದುರು ಮಾತಾಡಿದ್ದರೆ ಈಶಪ್ಪನವರಿಗೆ ಅಷ್ಟು ಚುಚ್ಚುತ್ತಿರಲಿಲ್ಲವೇನೋ.

ಮರುದಿನ ಮಧ್ಯಾಹ್ನ ಅವರ ಹೆಂಡತಿ ಶಿವಲಿಂಗಮ್ಮ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಈಶಪ್ಪನವರು ಪುಸ್ತಕ ಹರಡಿಕೊಂಡು ಕೂತಿದ್ದರು. ಕಾರ್ಖಾನೆಯಲ್ಲಿ ಸಂಜೆಯಾದರೆ ಒಂದು ತಾಳೆ ನೋಡುವ ಪದ್ಧತಿಯಿತ್ತು. ತಪಾಸಣೆಗೆ ಬಂದ ಮಾಲೆಷ್ಟು, ಪಾಸಾದದ್ದೆಷ್ಟು, ರಿಜೆಕ್ಟಾದದ್ದೆಷ್ಟು. ಕೊನೆಯ ಎರಡೂ ಸೇರಿ ಮೊದಲನೆಯದಕ್ಕೆ ಸರಿಹೋಗಬೇಕು. ಮೂವತ್ತಾರು ವರ್ಷ ಒಂದು ದಿನವೂ ತಪ್ಪಿಸದ ಆ ಕೆಲಸವನ್ನು ಈ ಪುಸ್ತಕಕ್ಕೆ ಅವರು ಒಮ್ಮೆಯೂ ಮಾಡಿರಲಿಲ್ಲ. ಬೇರೆಯವರ ಕೆಲಸಕ್ಕಾದರೆ ತಾಳೆ ಬೇಕು, ಬರೆದದ್ದು ತನ್ನ ಕೈಯಲ್ಲವೇ ಎಂದುಕೊಂಡಿದ್ದರು.

ಗುರಿ ತಪ್ಪಿದ ಪ್ರತಿಯೊಂದು ಚೆಂಡೂ ಯಾರದಾದರೂ ಕೈ ಸೇರಬೇಕು, ಇಲ್ಲವೇ ಗೆರೆ ದಾಟಿ ಹೊರಗೆ ಹೋಗಬೇಕು. ಎಡಗಡೆಯ ರಿಂಗಿನದ್ದನ್ನು ಮೊದಲು ಕೂಡಿದರು. ತಪ್ಪಿದ ಎಸೆತ ಇನ್ನೂರ ಐವತ್ತೊಂದು, ಹಿಡಿದದ್ದು ಇನ್ನೂರ ಇಪ್ಪತ್ತೆಂಟು, ಹೊರಗೆ ಹೋದದ್ದು ಹತ್ತೊಂಬತ್ತು. ನಾಲ್ಕೇ ಚೆಂಡಿನ ವ್ಯತ್ಯಾಸ. ಗದ್ದಲದಲ್ಲಿ ಅಷ್ಟು ಸಹಜ.

ಬಲಗಡೆ ತಪ್ಪಿದ ಎಸೆತ ಇನ್ನೂರ ನಲವತ್ತಾರು. ಹಿಡಿದದ್ದು ನೂರ ಎಪ್ಪತ್ತೊಂದು. ಹೊರಗೆ ಹೋದದ್ದು ಇಪ್ಪತ್ತೆರಡು.

ಮೂರು ಸಲ ಕೂಡಿದರು. ಮೂರು ಸಲವೂ ಐವತ್ಮೂರು ಚೆಂಡು ಸಿಗಲಿಲ್ಲ.

ಸ್ವಂತ ಅಂಗಳದ ತಂಡ ಮೊದಲರ್ಧದಲ್ಲಿ ಎಡಗಡೆಯ ರಿಂಗನ್ನು ಕಾಯುತ್ತದೆ, ವಿರಾಮದ ನಂತರ ಬಲಗಡೆಯದನ್ನು. ಮೇಘಾ ಎರಡನೆಯ ಅರ್ಧವೆಲ್ಲ ನಿಂತದ್ದು ಬಲಗಡೆ. ಅಲ್ಲಿ ಚೆಂಡು ರಿಂಗಿಗೆ ಬಡಿದ ಸದ್ದು ಈಶಪ್ಪನವರ ಕಿವಿಗೆ ಬಿದ್ದಿತ್ತು, ಗುರಿ ತಪ್ಪಿದ್ದನ್ನು ಬರೆದಿದ್ದರು. ಕೆಳಗೆ ಗುಂಪಿನಲ್ಲಿ ಹಿಡಿದವಳ ನಂಬರು ಕಂಡಿರಲಿಲ್ಲ. ಕಾಣದ್ದನ್ನು ಬರೆಯಬಾರದೆಂದು ಬಿಟ್ಟಿದ್ದರು.

ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಹೆಂಡತಿಯ ಕಡೆ ನೋಡಿದರು. ಶಿವಲಿಂಗಮ್ಮ ಹಾಲಿನ ಕೆನೆಯ ಹಿಂದೆ ಕೂತ ಹಾಗೆ ಕಂಡರು.

"ನನ್ನ ಬಲಗಣ್ಣು ಹೋಗಿದೆ ಕಣೇ."

"ನಿಮಗೀಗ ಗೊತ್ತಾಯ್ತಾ? ಬಲಗಡೆ ಇಟ್ಟ ಕಾಫಿ ಲೋಟ ಎಷ್ಟು ಸಲ ಉರುಳಿಸಿದೀರಿ? ಕಣ್ಣಾಸ್ಪತ್ರೆಗೆ ಹೋಗೋಣ ಅಂದ್ರೆ, ಜಾಗ ಸರಿಯಿಲ್ಲ, ನೀನೇ ಇಕ್ಕಟ್ಟಲ್ಲಿ ಇಡ್ತೀಯ ಅಂತ ನನ್ನೇ ಬೈದ್ರಿ."

ಈಶಪ್ಪನವರು ಪುಸ್ತಕ ಮುಚ್ಚಿದರು. ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠವೆಂದರೆ, ಮಾಲು ತಪ್ಪೆನ್ನುವ ಮುಂಚೆ ಗೇಜ್ ಸವೆದಿದೆಯೇ ನೋಡು ಎಂಬುದು. ಸವೆದ ಗೇಜ್ ಹಿಡಿದು ಒಂದು ವರ್ಷ ಹುಡುಗಿಯರನ್ನು ಅಳೆದಿದ್ದರು. ಅದರಿಂದ ಒಬ್ಬಳ ಕಾಲು ಊದಿತ್ತು, ಹೆಸರೂ ಹೋಗಿತ್ತು.

ಸಂಜೆ ಈಶಪ್ಪನವರು ಹೇಳಿದ್ದನ್ನೆಲ್ಲ ಕೇಳಿ ಸಂಗಮೇಶ್ ಬಲಗಡೆಯ ಲೆಕ್ಕವನ್ನು ತಾವೂ ಒಮ್ಮೆ ಕೂಡಿ ನೋಡಿದರು.

"ಅವಳು ಚೆನ್ನಾಗೇ ಆಡ್ತಾಳೆ ಅಂತ ನಂಗನ್ನಿಸ್ತಿತ್ತು ಸಾರ್. ನಿಮ್ಮ ಪುಸ್ತಕ ನೋಡಿ ನನ್ನ ಕಣ್ಣೇ ತಪ್ಪು ಅಂದ್ಕೊಂಡೆ."

ಬೈದಿದ್ದರೂ ಇದಕ್ಕಿಂತ ಹಗುರವಾಗಿರುತ್ತಿತ್ತು.

"ಹೋಗ್ಲಿ ಬಿಡಿ. ಆ ಐವತ್ಮೂರರಲ್ಲಿ ಮೇಘಂದು ಎಷ್ಟಿರ್ಬೋದು ಹೇಳಿ. ಇಪ್ಪತ್ತು ಅನ್ನೋಣ್ವಾ? ಬರೆದ್ಬಿಡಿ, ಯಾರು ಕೇಳ್ತಾರೆ?"

ಬರೆದರೆ ಹುಡುಗಿಯ ಹೆಸರು ಉಳಿಯುತ್ತಿತ್ತು. ಪುಸ್ತಕದ ಮರ್ಯಾದೆ, ಮೇಜಿನ ಹಿಂದಿನ ಕುರ್ಚಿ ಕೂಡ. ಈಶಪ್ಪನವರು ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಆವತ್ತು ಕಾಣಲಿಲ್ಲ ಸಾರ್. ಈವತ್ತು ಹೇಗೆ ಕಾಣ್ತು ಅಂತ ಬರೀಲಿ? ನನ್ನ ಪುಸ್ತಕ ಬೇಡ. ನಾಳೆ ಅವರನ್ನ ಎರಡು ಭಾಗ ಮಾಡಿ ಆಡ್ಸಿ. ಅವಳು ಕಾಯೋ ರಿಂಗಿನ ಹಿಂದೆ ನೀವೇ ನಿಂತು ಎಣಿಸಿ."

ಗುರುವಾರ ಹಾಗೆಯೇ ಆಯಿತು. ವಿರಾಮಕ್ಕೆ ಮುಂಚೆ ಮೇಘಾ ಆರು ಚೆಂಡು ಹಿಡಿದಳು, ವಿರಾಮದ ನಂತರ ಏಳು. ಸಂಗಮೇಶ್ ಅಲ್ಲೇ ಜೇಬಿನಿಂದ ಪಟ್ಟಿ ತೆಗೆದು ಅವಳ ಹೆಸರು ಬರೆದರು. ತಂಡದ ಎಲ್ಲರನ್ನೂ ಕೂರಿಸಿದ ಮೇಲೆ ಈಶಪ್ಪನವರು ನಿಂತುಕೊಂಡೇ ನಡೆದದ್ದನ್ನು ಹೇಳಿದರು. ಬಲಗಡೆಯ ಅಂಕಿಗಳು ಒಂದೂ ನಂಬುವ ಹಾಗಿಲ್ಲ, ತಪ್ಪು ನನ್ನದು, ಇನ್ನು ಮೇಲೆ ಮೇಜಿಗೆ ಬೇರೆಯವರು ಬರುತ್ತಾರೆ ಎಂದರು. ಮೇಘಾಳ ಕಡೆ ತಿರುಗಿ ಕೈ ಜೋಡಿಸಲು ಹೋದಾಗ ಅವಳು ಗಾಬರಿಯಾಗಿ, "ಅಯ್ಯೋ, ಬೇಡ ಅಂಕಲ್" ಎಂದು ಎದ್ದು ನಿಂತಳು.

ಎಲ್ಲರೂ ಚೀಲ ಎತ್ತಿಕೊಂಡು ಹೊರಟರು. ಅವಳು ಮಾತ್ರ ಬಾಗಿಲ ಹತ್ತಿರ ಹೋದವಳು ಕುಂಟುತ್ತಾ ವಾಪಸ್ ಬಂದಳು.

"ಅಂಕಲ್, ಫಸ್ಟ್ ಹಾಫಲ್ಲಿ ಆ ರಿಂಗ್ ಕಾಯ್ತಿದ್ದಿದ್ದು ಬೇರೆ ಕಾಲೇಜ್ ಹುಡುಗೀರು ಅಲ್ವಾ? ಅವ್ರದ್ದೂ ಹೋಗಿರುತ್ತಲ್ವಾ?"

ಈಶಪ್ಪನವರು ಅದನ್ನು ಯೋಚಿಸಿಯೇ ಇರಲಿಲ್ಲ. ಕಣ್ಣ ಮುಂದೆ ಬಂದು ನಿಂತದ್ದು ಒಬ್ಬಳೇ ಹುಡುಗಿ. ಮಿಕ್ಕವರು ಅವರಿಗೆ ಬೆನ್ನ ಮೇಲಿನ ನಂಬರುಗಳಷ್ಟೇ ಆಗಿದ್ದರು. ಆ ಏಳು ಕಾಲೇಜುಗಳಲ್ಲೂ ಅವರ ಪುಟದ ಫೋಟೋ ಇತ್ತು. ಆ ಕಾಲೇಜುಗಳ ಪಟ್ಟಿಗಳೂ ಶನಿವಾರಕ್ಕೇ ಹೋಗುವುದಿತ್ತು.

"ಹೌದಮ್ಮ, ಹೋಗಿರುತ್ತೆ" ಎಂದರು.

ಸಂಗಮೇಶ್ ಅವರಿಂದ ಏಳು ಕಾಲೇಜಿನವರ ಫೋನ್ ನಂಬರ್ ಒಂದು ಚೀಟಿಯಲ್ಲಿ ಬರೆಸಿಕೊಂಡು ಮನೆಗೆ ಬಂದು, ಚಪ್ಪಲಿ ಬಿಟ್ಟವರೇ ಫೋನ್ ಹಿಡಿದು ಕೂತರು. ಮೊದಲನೆಯವರು ಪೂರ್ತಿ ಕೇಳದೆ, "ನಮ್ಮ ಲಿಸ್ಟ್ ಆಗೋಗಿದೆ ರೀ" ಎಂದು ಇಟ್ಟುಬಿಟ್ಟರು. ಎರಡನೆಯವರು, "ಕಣ್ಣು ಕಾಣದೋರನ್ನ ಯಾಕ್ರೀ ಅಲ್ಲಿ ಕೂರಿಸ್ತಾರೆ?" ಎಂದರು. ಅದಕ್ಕೂ ಈಶಪ್ಪನವರು "ನಿಜ ಸಾರ್" ಎಂದರು.

ಮೂರನೆಯದು ಜಿಗಣಿಯ ಕಾಲೇಜು. ಅಲ್ಲಿಯ ಕೋಚ್ ಶ್ರೀಧರ್ ಸುಮ್ಮನೆ ಕೇಳಿಸಿಕೊಂಡರು.

"ನಮ್ಮ ಮ್ಯಾಚಲ್ಲಿ ಎಷ್ಟು ಹೋಗಿದೆ ಸಾರ್?"

"ಒಟ್ಟು ಒಂಬತ್ತು. ಮೊದಲರ್ಧದಲ್ಲೇ ಐದು."

"ಯಾವ ಹುಡುಗಿದು?"

"ಅದು ಗೊತ್ತಿಲ್ಲ ಸಾರ್. ನಿಮ್ಮೋರದ್ದೋ ನಮ್ಮೋರದ್ದೋ, ಅದೂ ಗೊತ್ತಿಲ್ಲ. ನೀವೇ ಒಂದ್ಸಲ ಆಡಿಸಿ ನೋಡ್ಬೇಕು. ಅದನ್ನ ಕೇಳೋಕೇ ಫೋನ್ ಮಾಡ್ದೆ."

ಆ ಕಡೆ ಹಾಳೆ ಮಗುಚಿದ ಸದ್ದಾಯಿತು.

"ಒಬ್ಬಳನ್ನ ನಿನ್ನೆ ತಾನೆ ಬಿಟ್ಟೆ. ಆಗ್ಲಿ ಸಾರ್, ಬೆಳಿಗ್ಗೆ ಆರಕ್ಕೆ ಎಲ್ರನ್ನೂ ಕರೆಸ್ತೀನಿ."

ಈಶಪ್ಪನವರು ಚೀಟಿಯಲ್ಲಿ ಜಿಗಣಿಯ ಮುಂದೆ ಒಂದು ಗೀಟು ಎಳೆದರು. ಇನ್ನೂ ನಾಲ್ಕು ಉಳಿದಿದ್ದವು. ಚೀಟಿಯನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು. ಕತ್ತಲಾಗುತ್ತಿದ್ದ ಬೆಳಕಿನಲ್ಲಿ ಮುಂದಿನ ನಂಬರಿನ ಎರಡನೆಯ ಅಂಕಿ ಮೂರೋ ಎಂಟೋ ತಿಳಿಯಲಿಲ್ಲ. ಅದನ್ನು ಹೆಂಡತಿಯ ಕಡೆ ಚಾಚಿ, "ಒಂದೊಂದೇ ಅಂಕಿ ನಿಧಾನಕ್ಕೆ ಓದೇ" ಎಂದರು. ಶಿವಲಿಂಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತು ಓದತೊಡಗಿದರು.