ಬಸವನ ಬಾಲದ ಬಳಿ ಮಾಲಾ

ತೊಂಬತ್ತರ ದಶಕದ ಆ ಬೇಸಿಗೆಗಳಲ್ಲಿ ಬಸವನಗುಡಿಯ ನಮ್ಮ ಮನೆಗೆ ಯಾವ ನೆಂಟರು ಬಂದರೂ ಅವರಿಗೆ ಊರು ತೋರಿಸುವ ಹಕ್ಕು ಎದುರು ಮನೆಯ ಶೇಷಣ್ಣ ಮಾಮನದು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಕರೆಯಬೇಕಾಗಿರಲಿಲ್ಲ, ಆಟೋ ನಿಂತ ಸದ್ದಿಗೇ ಛತ್ರಿ ಹಿಡಿದು ಗೇಟಿಗೆ ಬರುತ್ತಿದ್ದರು.

ಆ ವರ್ಷ ಹುಬ್ಬಳ್ಳಿಯಿಂದ ಚಿಕ್ಕಮ್ಮ ಬಂದಿದ್ದರು, ಐದಾರು ವರ್ಷದ ಮಗಳು ಮಾಲಾಳ ಜೊತೆ. ರೈಲಿನ ಆಯಾಸಕ್ಕೆ ಚಿಕ್ಕಮ್ಮ ಮಲಗಿಬಿಟ್ಟರು. ಮಾಲಾ, ನಾನು, ಅಣ್ಣ ಮೂವರೂ ಮಾಮನ ಹಿಂದೆ ಹೊರಟೆವು.

"ಮಗು ಜೋಪಾನ, ಮಾಮ," ಅಂದಳು ಅಮ್ಮ.

"ನನ್ ಜೊತೆ ಬಂದೋರು ಯಾರಾದ್ರೂ ಕಳೆದುಹೋಗಿದಾರೇನಮ್ಮಾ?"

ಮೊದಲು ದೊಡ್ಡ ಬಸವಣ್ಣ. ಎಣ್ಣೆ, ಬೆಣ್ಣೆ, ಕರ್ಪೂರ ಬೆರೆತ ವಾಸನೆ. "ಈ ಬಸವ ಬೆಳೀತಾನೇ ಇದ್ದ. ತಲೆ ಮೇಲೆ ಮೊಳೆ ಹೊಡೆದ್ಮೇಲೆ ನಿಂತ," ಎಂದರು ಮಾಮ.

"ಪಾಪ, ಅದಕ್ಕ ನೋವಾಗ್ಲಿಲ್ಲೇನ್ರಿ?" ಎಂದಳು ಮಾಲಾ.

"ಮಾಮ, ಹೋದ್ಸಲ ತ್ರಿಶೂಲ ಅಂದಿದ್ರಿ," ಎಂದ ಅಣ್ಣ.

"ಎರಡೂ ಒಂದೇ ಕಣೋ, ಸುಮ್ನಿರು."

ಪ್ರದಕ್ಷಿಣೆಯಾದ ಮೇಲೆ ಗುಡಿಯಲ್ಲಿ ಒಂದು ಗಳಿಗೆ ಕೂರದೆ ಹೊರಡಬಾರದೆಂಬುದು ನಮ್ಮವರ ರೂಢಿ. "ಕೂತ್ಕೊಳ್ಳಿ. ನಾನು ಹೇಳೋವರ್ಗೂ ಏಳ್ಬೇಡಿ," ಎಂದರು ಮಾಮ. ಅಣ್ಣನೂ ನಾನೂ ನೆಲ ಮುಟ್ಟಿದ ಶಾಸ್ತ್ರ ಮಾಡಿ ಎದ್ದು ಬಾಗಿಲಿಗೆ ಓಡಿದೆವು. ಅಷ್ಟರಲ್ಲಿ ಮಾಮನಿಗೆ ಹಳೆಯ ಶಿಷ್ಯನೊಬ್ಬ ಸಿಕ್ಕಿದ. ಅವನ ಹತ್ತಿರ ಮಾತಾಡುತ್ತಲೇ ಹೊರಬಂದವರು, ಅವನು ಹೋದ ಮೇಲೆ ಅದೇ ಹುಮ್ಮಸ್ಸಿನಲ್ಲಿ ಪಕ್ಕದ ಕಹಳೆ ಬಂಡೆ ಹತ್ತಿದರು.

ಕಾದ ಕಲ್ಲಿಗೆ ಅಂಗಾಲು ಚುರುಗುಟ್ಟುತ್ತಿತ್ತು. ಮರಗಳಿಂದ ಬಾವಲಿಗಳ ಘಾಟು. ಮಾಮ ಛತ್ರಿಯಿಂದ ಬಂಡೆ ಕುಟ್ಟಿದರು. "ಇದು ಹಿಮಾಲಯಕ್ಕಿಂತ ಹಳೇದು. ಗೊತ್ತಾಯ್ತೇನೇ ಮಾಲಾ?"

ಮಾಮ ತಿರುಗಿ ನೋಡಿದರು. ಹಿಂದೆ ಇದ್ದದ್ದು ಅಣ್ಣ, ನಾನು ಇಬ್ಬರೇ.

ಆಮೇಲಿನ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಬಂಡೆಗಳ ಸಂದಿಯಲ್ಲಿ ಹುಡುಕಿದೆವು, ಕೂಗಿದೆವು. ಮಾಮ ರಸ್ತೆಯ ತನಕ ಓಡಿ, ಬಸ್ಸುಗಳನ್ನು ನೋಡಿ ವಾಪಸ್ಸು ಬಂದರು. ಒಂದು ಹೊಂಡದ ಹಸಿರು ನೀರಿನಲ್ಲಿ ಅವರು ಛತ್ರಿಯ ತುದಿ ಆಡಿಸಿದ್ದು ನನಗೆ ಇಂದಿಗೂ ಕಾಣುತ್ತದೆ. "ಏಪ್ರಿಲ್ಲಲ್ಲಿ ಆ ಹೊಂಡಕ್ಕೆ ನೀರೆಲ್ಲಿಂದ ಬಂತೋ?" ಎನ್ನುತ್ತಾನೆ ಅಣ್ಣ. ಇರಬಹುದು. ಆದರೆ ಮಾಮ ಒಂದೊಂದು ಸಂದಿಯನ್ನೂ ಎರಡೆರಡು ಸಲ ಬಗ್ಗಿ ನೋಡಿದ್ದನ್ನು ಅವನೂ ಒಪ್ಪುತ್ತಾನೆ.

"ಮಾಮಾ, ಅವಳಿಗೆ ಏಳು ಅಂತ ಹೇಳ್ಲೇ ಇಲ್ಲ ನೀವು!" ಹೀಗೆ ಕೂಗಿದ್ದು ನಾನು ಎಂದು ನನ್ನ ನೆನಪು. ಅಣ್ಣನ ನೆನಪಿನಲ್ಲಿ ಅವನು.

ಓಡಿದೆವು. ಪೂಜಾರಿಗಳು ಮಧ್ಯಾಹ್ನಕ್ಕೆ ಬಾಗಿಲು ಹಾಕಲು ಬೀಗ ಕೈಗೆತ್ತಿಕೊಂಡಿದ್ದರು. ಬಸವನ ಹಿಂದೆ, ಬಾಲದ ಬಳಿಯ ಕತ್ತಲಲ್ಲಿ, ಮಾಲಾ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಮುಷ್ಟಿಯಲ್ಲಿ ಪ್ರಸಾದದ ಕಾಯಿಚೂರು.

ನಮ್ಮ ಹೆಜ್ಜೆ ಸದ್ದಿಗೆ ಒಂದೇ ಕಣ್ಣು ತೆರೆದು ಕೇಳಿದಳು, "ಈಗರ ಏಳ್ಲೇನ್ರಿ?"

ಮಾಮ ದೊಪ್ಪನೆ ಅವಳ ಪಕ್ಕ ಕೂತುಬಿಟ್ಟರು. ಬಿಳಿ ಪಂಚೆಗೆ ಎಣ್ಣೆ ಮೆತ್ತಿತು. ನಕ್ಕರೋ ಅತ್ತರೋ ತಿಳಿಯಲಿಲ್ಲ. ಮಾಲಾ ಅವರ ಮುಖ ನೋಡಿ ಕಾಯಿಚೂರು ಕೊಟ್ಟಳು. "ಹಸಿವಾಗೇದೇನ್ರಿ ಅಜ್ಜಾ? ತಿನ್ರಿ." ಅವರು ತಿಂದರು. "ಬಾಗಿಲು ಹಾಕ್ಬೇಕು, ಮೇಷ್ಟ್ರೇ," ಎಂದರು ಪೂಜಾರಿಗಳು, ಆದರೂ ಕಾದರು.

ಮನೆಯಲ್ಲಿ ಚಿಕ್ಕಮ್ಮ ಎದ್ದಿದ್ದರು. "ಏನೇನ್ ನೋಡಿದ್ಯೇ?"

"ಬಸವಣ್ಣನ ಬಾಲ!"

ಮಾಮ ಕಾಫಿಗೂ ನಿಲ್ಲದೆ ರಸ್ತೆ ದಾಟಿದರು.

ಮೊನ್ನೆ ಫೋನಿನಲ್ಲಿ ಮಾಲಾಳನ್ನೇ ಕೇಳಿದೆ. ನೀರಿನ ಹೊಂಡವಾಗಲಿ ನಮ್ಮ ಕೂಗಾಟವಾಗಲಿ ಅವಳಿಗೆ ಗೊತ್ತಿರಲಿಲ್ಲ. "ಹೆದರಿಕೆ ಆಗ್ಲಿಲ್ವೇನೇ?"

"ಯಾಕ? ನೀವು ಬರಾವ್ರಿದ್ರಲ್ಲಾ."

ನನ್ನ ನೆನಪಿನ ಸಾಕ್ಷಿಗಳಲ್ಲಿ ನಾನು ಅನುಮಾನಿಸದೆ ಒಪ್ಪಿಕೊಂಡದ್ದು ಅವಳ ಈ ಒಂದು ಮಾತನ್ನೇ. ಈಗ ನನ್ನ ಮಗಳು ಸಂಗೀತದ ಕ್ಲಾಸಿನಿಂದ ಬರುವುದು ತುಸು ತಡವಾದರೂ ಗಾಂಧಿ ಬಜಾರಿನವರೆಗೆ ಓಡುತ್ತೇನೆ. ಅವಳು ಎದುರಿಗೆ ಕಂಡಾಗ ಜೀವ ಬಂದಂತಾಗುತ್ತದೆ. ಅವಳಿಗೂ ಅಷ್ಟೇ; ನಾನು ತಡವಾದರೆ ಗೇಟಿನಾಚೆ ಇಣುಕಿ ಇಣುಕಿ ನೋಡುತ್ತಾಳೆ. ಕಣ್ಣು ಮುಚ್ಚಿ ಕಾಯುವುದು ನಮ್ಮಿಬ್ಬರಿಗೂ ಬರುವುದಿಲ್ಲ.